ಯಾರು ಯಾರಿಗೆ ಕೇಳಿಸುತ್ತಿದ್ದಾರೆ?

ಪರದೆಯನ್ನು ಒಂಬತ್ತು ಚೌಕಗಳಾಗಿ ಕತ್ತರಿಸಿದ್ದಾರೆ. ಒಂದರಲ್ಲಿ ಅಡುಗೆಮನೆಯ ಕಪಾಟಿನ ಮುಂದೆ ಕೂತು ಪಿಟೀಲು ನುಡಿಸುವವರು, ಇನ್ನೊಂದರಲ್ಲಿ ಹಾಸಿಗೆಯ ಅಂಚಿಗೆ ಕೂತ ಕೊಳಲಿನವರು, ಮತ್ತೊಂದರಲ್ಲಿ ಕಾರ್ ಶೆಡ್ಡಿನೊಳಗಿಂದ ಬ್ಯಾಂಜೊ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ನಾಲ್ಕು ನಿಮಿಷ ಒಂದು ಐರಿಷ್ ರೀಲ್ ಓಡುತ್ತದೆ, ಒಂದು ಸ್ವರವೂ ಅತ್ತಿತ್ತ ಸರಿಯುವುದಿಲ್ಲ. 2020ರ ಲಾಕ್‌ಡೌನ್ ದಿನಗಳಲ್ಲಿ ಇಂಥ ವಿಡಿಯೋಗಳು ರಾಶಿ ರಾಶಿ ಬಂದವು, ಈಗಲೂ ಬರುತ್ತಿವೆ. ದೂರದೂರ ಇದ್ದರೂ ಒಟ್ಟಿಗೆ ನುಡಿಸುತ್ತಿದ್ದಾರಲ್ಲ ಎಂದು ನೋಡಿದವರ ಕಣ್ಣು ತೇವವಾಗುತ್ತದೆ. ಆದರೆ ಅವರು ಒಟ್ಟಿಗೆ ನುಡಿಸುತ್ತಿಲ್ಲ. ಮೊದಲು ಒಬ್ಬರು ಕಿವಿಯಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಇಟ್ಟುಕೊಂಡು ಒಂಟಿಯಾಗಿ ನುಡಿಸಿ, ರೆಕಾರ್ಡ್ ಮಾಡಿ ಕಳಿಸಿದ್ದಾರೆ. ಎರಡನೆಯವರು ಅದನ್ನು ಕೇಳುತ್ತ ತಮ್ಮ ಪಾಲು ಸೇರಿಸಿದ್ದಾರೆ. ಮೂರನೆಯವರು ಇವರಿಬ್ಬರನ್ನು ಕೇಳುತ್ತ ತಮ್ಮದನ್ನು. ಹೀಗೆ ಸಾಲು ಬೆಳೆದು ಒಂಬತ್ತನೆಯವರಿಗೆ ಎಂಟೂ ಜನ ಕೇಳಿಸಿದ್ದಾರೆ. ಮೊದಲನೆಯವರಿಗೆ ಯಾರೂ ಕೇಳಿಸಿಲ್ಲ.

ಈ ಬರಹ ಆ ಕೇಳಿಸುವಿಕೆಯ ಬಗ್ಗೆ. ಇಂಟರ್ನೆಟ್ಟಿನಲ್ಲಿ ಕೂಡಿ ನುಡಿಸುವುದರ ಕುರಿತು ಎರಡೇ ಬಗೆಯ ಮಾತು ರೂಢಿಯಲ್ಲಿದೆ. ತಂತ್ರಜ್ಞಾನ ಗಡಿಗಳನ್ನು ಅಳಿಸಿತು ಎಂದು ಹಿಗ್ಗುವವರು ಒಂದು ಕಡೆ, ಜೀವಂತ ಪರಂಪರೆ ಪರದೆಯ ಮೇಲೆ ಸತ್ತಿತು ಎಂದು ಮರುಗುವವರು ಇನ್ನೊಂದು ಕಡೆ. ಇಬ್ಬರ ಕಣ್ಣೂ ದೂರದ ಮೇಲೆಯೇ. ನನಗೆ ದೂರ ಅಷ್ಟು ದೊಡ್ಡ ಸಂಗತಿ ಅನ್ನಿಸುವುದಿಲ್ಲ. ಈ ಸಂಗೀತ ನೂರಕ್ಕೂ ಹೆಚ್ಚು ವರ್ಷದಿಂದ ದೂರದಲ್ಲೇ ಬದುಕಿದೆ. ದೂರವಿರುವ ಇಬ್ಬರಲ್ಲಿ ಯಾರ ದನಿ ಯಾರ ಕಿವಿಗೆ ಬೀಳುತ್ತದೆ, ಬಿದ್ದ ಮೇಲೆ ಅದು ಅವರ ಕೈಯನ್ನು ಬದಲಿಸಬಲ್ಲದೇ ಎಂಬುದು ಹೆಚ್ಚು ಉಪಯೋಗದ ಪ್ರಶ್ನೆ.

ಐರ್ಲೆಂಡ್ ನಮಗೆ ಯೇಟ್ಸ್, ಸಿಂಜ್, ಜಾಯ್ಸ್ ಮೂಲಕ ಗೊತ್ತು. ಅಲ್ಲಿಯ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಟೈಟಾನಿಕ್ ಸಿನಿಮಾದಲ್ಲಿ ಹಡಗಿನ ಕೆಳ ಅಂತಸ್ತಿನಲ್ಲಿ ಬಡ ಪ್ರಯಾಣಿಕರು ಕುಣಿಯುವ ದೃಶ್ಯ ನೆನಪಿದ್ದರೆ, ಆ ಸದ್ದೇ ಇದು. ಅಂಗಡಿಗಳಲ್ಲಿ ಇದಕ್ಕೆ ‘ಕೆಲ್ಟಿಕ್’ ಎಂಬ ಹಣೆಪಟ್ಟಿ. ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಬ್ರಿಟನಿ, ಕೆನಡಾದ ಕೇಪ್ ಬ್ರೆಟನ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಈ ಪದ ಸಂಗೀತಗಾರರಿಗಿಂತ ಮಾರಾಟಗಾರರಿಗೆ ಹೆಚ್ಚು ಪ್ರಿಯ. ಐರ್ಲೆಂಡಿನಲ್ಲಿ ನುಡಿಸುವವರು ತಮ್ಮ ಸಂಗೀತವನ್ನು ‘ಟ್ರ್ಯಾಡ್’ ಅನ್ನುತ್ತಾರೆ, ಕೂಡಿ ನುಡಿಸುವುದನ್ನು ‘ಸೆಷನ್’ ಅನ್ನುತ್ತಾರೆ. ಪಬ್ಬಿನ ಮೂಲೆಯಲ್ಲಿ ಒಂದು ಮೇಜು, ಸುತ್ತ ಕುರ್ಚಿ. ವೇದಿಕೆ ಇಲ್ಲ. ನುಡಿಸುವವರು ಒಬ್ಬರಿಗೊಬ್ಬರು ಮುಖ ಕೊಟ್ಟು ಕೂತಿರುತ್ತಾರೆ, ಕೇಳುವವರಿಗೆ ಎಷ್ಟೋ ಸಲ ಕಾಣುವುದು ಅವರ ಬೆನ್ನು. ಒಂದು ಧಾಟಿಗೆ ಸಾಮಾನ್ಯವಾಗಿ ಎರಡು ಭಾಗ, ಒಂದೊಂದಕ್ಕೆ ಎಂಟು ಬಾರ್, ಎರಡನ್ನೂ ಎರಡೆರಡು ಸಲ ನುಡಿಸಿದರೆ ಒಂದು ಸುತ್ತು. ಮೂರು ಸುತ್ತು ಆದ ಮೇಲೆ ನಿಲ್ಲಿಸದೆ ಇನ್ನೊಂದು ಧಾಟಿಗೆ ಹಾರುತ್ತಾರೆ. ಪಿಟೀಲು, ಕೊಳಲು, ಟಿನ್ ವಿಸಲ್, ಕಾನ್ಸರ್ಟಿನಾ, ತೋಳಿನಡಿ ತಿದಿ ಒತ್ತುವ ಇಲನ್ ಪೈಪ್, ಎಲ್ಲರೂ ನುಡಿಸುವುದು ಅದೇ ಧಾಟಿ. ಒಬ್ಬರು ಒಂದು ಸ್ವರವನ್ನು ತಿರುಚುವಲ್ಲಿ ಇನ್ನೊಬ್ಬರು ನೇರ ಹೋಗುತ್ತಾರೆ, ಮತ್ತೊಬ್ಬರು ಅಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ಒಂದೇ ಗೆರೆಯ ಮೇಲೆ ಹಲವರು ಬರೆದ ಹಾಗೆ. ಈ ಸಣ್ಣ ಸಣ್ಣ ಒಡಕುಗಳಲ್ಲೇ ಸೆಷನ್ನಿನ ರುಚಿ.

ಈಗ ದೂರದ ಮಾತು. ಐರಿಷ್ ನೃತ್ಯ ಸಂಗೀತದ ಬಹು ದೊಡ್ಡ ಸಂಗ್ರಹವೊಂದು ಮುದ್ರಣವಾದದ್ದು ಐರ್ಲೆಂಡಿನಲ್ಲಿ ಅಲ್ಲ, ಚಿಕಾಗೋದಲ್ಲಿ. ಮಾಡಿದವರು ಪೊಲೀಸ್ ಅಧಿಕಾರಿ. ಕಾರ್ಕ್ ಕೌಂಟಿಯಲ್ಲಿ 1848ರಲ್ಲಿ ಹುಟ್ಟಿದ ಫ್ರಾನ್ಸಿಸ್ ಓನೀಲ್ ಹರೆಯದಲ್ಲೇ ಮನೆ ಬಿಟ್ಟು, ಹಡಗುಗಳಲ್ಲಿ ದುಡಿದು, ಕೊನೆಗೆ ಚಿಕಾಗೋ ಪೊಲೀಸ್ ಇಲಾಖೆ ಸೇರಿ 1901ರಿಂದ 1905ರವರೆಗೆ ಅದರ ಮುಖ್ಯಸ್ಥನಾಗಿದ್ದ. ಬೇರೆ ಬೇರೆ ಕೌಂಟಿಗಳಿಂದ ವಲಸೆ ಬಂದವರ ನೆನಪಿನಲ್ಲಿದ್ದ ಧಾಟಿಗಳನ್ನು ಕೂಡಿಹಾಕಿದ. ಅವನಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅವನು ನುಡಿಸಿದ್ದನ್ನು ಜೇಮ್ಸ್ ಓನೀಲ್ ಎಂಬ ಇನ್ನೊಬ್ಬ ವಲಸಿಗ ಬರೆದುಕೊಂಡ. 1903ರಲ್ಲಿ ಬಂದ ‘ಮ್ಯೂಸಿಕ್ ಆಫ್ ಐರ್ಲೆಂಡ್’ ಪುಸ್ತಕದಲ್ಲಿ 1850 ಧಾಟಿಗಳಿವೆ. ಊರಲ್ಲಿದ್ದರೆ ಕೆರ‍್ರಿಯವನ ಧಾಟಿ ಮೇಯೋದವನ ಕಿವಿಗೆ ಬೀಳುವುದು ಕಷ್ಟವಿತ್ತು. ಚಿಕಾಗೋದ ಒಂದೇ ಬೀದಿಯಲ್ಲಿ ಬಿದ್ದವು.

ಆಮೇಲೆ ಗ್ರಾಮಫೋನ್. ಸ್ಲೈಗೋ ಕೌಂಟಿಯ ಪಿಟೀಲುಗಾರ ಮೈಕೆಲ್ ಕೋಲ್ಮನ್ 1914ರಲ್ಲಿ ಅಮೆರಿಕಕ್ಕೆ ಹೋದ. 1920ರ ದಶಕದಿಂದ ನ್ಯೂಯಾರ್ಕಿನಲ್ಲಿ ಅವನು ನುಡಿಸಿದ 78 ಆರ್‌ಪಿಎಂ ತಟ್ಟೆಗಳು ಸಮುದ್ರ ದಾಟಿ ಐರ್ಲೆಂಡಿನ ಹಳ್ಳಿಮನೆಗಳಿಗೆ ಬಂದವು. ಹಿನ್ನೆಲೆಯಲ್ಲಿ ಪಿಯಾನೋ ಬಾರಿಸಿದವರಲ್ಲಿ ಕೆಲವರಿಗೆ ಈ ಸಂಗೀತದ ಗಂಧಗಾಳಿ ಇರಲಿಲ್ಲ ಎಂಬುದು ತಟ್ಟೆ ಕೇಳಿದ ಯಾರಿಗೂ ತಿಳಿಯುತ್ತದೆ. ಆದರೂ ಕೋಲ್ಮನ್ನನ ಬೋ ಕೈಗೆ ಇಡೀ ದೇಶ ಮರುಳಾಯಿತು. ಅವನು 1934ರಲ್ಲಿ ಒಂದೇ ತಟ್ಟೆಯಲ್ಲಿ ಜೋಡಿಸಿ ನುಡಿಸಿದ ಟಾರ್ಬೋಲ್ಟನ್, ಲಾಂಗ್‌ಫರ್ಡ್ ಕಲೆಕ್ಟರ್, ಸೇಲರ್ಸ್ ಬಾನೆಟ್ ಎಂಬ ಮೂರು ರೀಲ್‌ಗಳನ್ನು ಇವತ್ತಿಗೂ ಅದೇ ಸರದಿಯಲ್ಲಿ ನುಡಿಸುತ್ತಾರೆ. ಬೇರೆ ಊರಿನ ಎಷ್ಟೋ ಪಿಟೀಲುಗಾರರಿಗೆ ತಮ್ಮ ಮನೆಯ ಶೈಲಿ ಕಳಪೆಯೇನೋ ಅನ್ನಿಸತೊಡಗಿತು. ತಟ್ಟೆಯ ಒಳಗಿದ್ದವನು ಎಲ್ಲರಿಗೂ ಕೇಳಿಸುತ್ತಿದ್ದ. ಅವನಿಗೆ ಮಾತ್ರ ಅವರು ಯಾರೂ ಕೇಳಿಸುತ್ತಿರಲಿಲ್ಲ. ಒಂಬತ್ತು ಚೌಕಗಳ ವಿಡಿಯೋ ಈ ತಟ್ಟೆಯ ಮೊಮ್ಮಗಳು.

ಇನ್ನು ಪಬ್ ಸೆಷನ್. ಅನಾದಿಕಾಲದಿಂದ ಬಂದ ಹಳ್ಳಿಯ ಪದ್ಧತಿ ಎಂದು ಪ್ರವಾಸಿಗರಿಗೆ ತೋರಿಸುವ ಈ ಕೂಟಕ್ಕೆ ಅಷ್ಟೇನೂ ವಯಸ್ಸಾಗಿಲ್ಲ. ಹಿಂದೆ ಈ ಸಂಗೀತ ಇದ್ದದ್ದು ಮನೆಯ ಕುಣಿತಗಳಲ್ಲಿ, ಕೂಡುರಸ್ತೆಯ ಕುಣಿತಗಳಲ್ಲಿ. 1935ರ ಡಾನ್ಸ್ ಹಾಲ್ ಕಾಯ್ದೆ ಪರವಾನಗಿ ಇಲ್ಲದ ಕುಣಿತಗಳ ಕತ್ತು ಹಿಸುಕಿತು. ಎರಡನೇ ಮಹಾಯುದ್ಧದ ನಂತರ ಲಂಡನ್ನಿನ ಕ್ಯಾಮ್ಡನ್ ಟೌನ್‌ನಂಥ ಕಡೆ, ಕಟ್ಟಡ ಕೆಲಸಕ್ಕೆ ಬಂದ ಐರಿಷ್ ಕೂಲಿಕಾರರು ಸಂಜೆ ಪಬ್ಬಿನಲ್ಲಿ ವಾದ್ಯ ಹೊರತೆಗೆದರು. ಬಾಡಿಗೆ ಕೋಣೆಯಲ್ಲಿ ಪಿಟೀಲು ನುಡಿಸಲು ಮನೆಯೊಡತಿ ಬಿಟ್ಟಾಳೇ? ಹೀಗೆ ಬೆಳೆದ ರೂಢಿ ಆಮೇಲೆ ಐರ್ಲೆಂಡಿಗೆ ವಾಪಸು ಹೋಯಿತು. ಅಂದರೆ, ಪರದೆಯ ಸೆಷನ್ನನ್ನು ಅಳೆಯಲು ನಾವು ಎತ್ತಿಕೊಳ್ಳುವ ‘ಅಸಲಿ’ ಸೆಷನ್ ಕೂಡ ವಲಸೆಯ ಕೂಸೇ. ದೂರ ಹೋದದ್ದರಿಂದ ಪರಂಪರೆ ಕೆಟ್ಟಿತು ಎಂಬ ದೂರಿಗೆ ಇಲ್ಲಿ ನೆಲೆ ಇಲ್ಲ.

ಹೊಸತಾಗಿ ಬಂದದ್ದು ಒಂದೇ: ದೂರವಿದ್ದವರು ಅದೇ ಕ್ಷಣದಲ್ಲಿ ಕೂಡಿ ನುಡಿಸುವ ಆಸೆ. ಆ ಆಸೆಗೆ ಎದುರಾಗಿ ನಿಂತಿರುವುದು ವಿಳಂಬ. ನಮ್ಮಲ್ಲಿ ಈ ಪದಕ್ಕೆ ಎರಡರ್ಥ: ಒಂದು ತಡ, ಇನ್ನೊಂದು ನಿಧಾನ ಲಯ. ಇಂಟರ್ನೆಟ್ಟಿನಲ್ಲಿ ಮೊದಲನೆಯದು ಎರಡನೆಯದನ್ನು ಹೆರುತ್ತದೆ. ನಿಮ್ಮ ಸ್ವರ ನನಗೆ ತುಸು ತಡವಾಗಿ ತಲುಪುತ್ತದೆ. ನಾನು ನಿಮಗಾಗಿ ಒಂದಿಷ್ಟು ಕಾಯುತ್ತೇನೆ. ಕಾದ ನನ್ನ ಸ್ವರ ನಿಮಗೆ ಇನ್ನೂ ತಡವಾಗಿ ಕೇಳುತ್ತದೆ. ನೀವು ನನಗಾಗಿ ಕಾಯುತ್ತೀರಿ. ಪರಸ್ಪರ ಮರ್ಯಾದೆಯಲ್ಲೇ ಧಾಟಿ ಕುಂಟುತ್ತ ನಿಂತುಹೋಗುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ನಡುವೆ ಬೇಕಂತಲೇ ತಡ ಹಾಕಿ, ಒಟ್ಟಿಗೆ ಚಪ್ಪಾಳೆ ತಟ್ಟಿಸಿ ನೋಡಿದ್ದಾರೆ. ತಡ ಹೆಚ್ಚಿದಷ್ಟೂ ಲಯ ಕುಸಿಯಿತು. ತಮಾಷೆಯೆಂದರೆ, ತಡ ತೀರಾ ಕಡಿಮೆ ಇದ್ದಾಗ ಜೋಡಿಗಳು ಓಡತೊಡಗಿದವು. ಸೆಕೆಂಡಿನ ಸಾವಿರದಲ್ಲಿ 25-30 ಭಾಗದಷ್ಟು, ಅಂದರೆ 25-30 ಮಿಲಿಸೆಕೆಂಡ್ ದಾಟಿದರೆ ಕೂಡಿ ನುಡಿಸುವುದು ಕಷ್ಟ ಎಂಬುದು ಈ ಕ್ಷೇತ್ರದವರ ಸಾಮಾನ್ಯ ಲೆಕ್ಕ.

ಇದು ದೊಡ್ಡ ಸಂಖ್ಯೆಯೋ ಚಿಕ್ಕದೋ? ಪಬ್ಬಿನ ಮೇಜಿನ ಎರಡು ತುದಿಗೆ ಮೂರು ಮೀಟರ್ ಅಂತರವಿದ್ದರೆ ಗಾಳಿಯಲ್ಲಿ ಶಬ್ದ ಅಷ್ಟು ಹೋಗಲು ಸುಮಾರು 9 ಮಿಲಿಸೆಕೆಂಡ್ ಬೇಕು. ಹಾಗಾಗಿ ವಿಳಂಬವಿಲ್ಲದ ಸಂಗೀತ ಯಾವ ಕಾಲದಲ್ಲೂ ಇರಲಿಲ್ಲ. ರೀಲನ್ನು ನಿಮಿಷಕ್ಕೆ 110 ಬೀಟ್ ವೇಗದಲ್ಲಿ, ಬೀಟಿಗೆ ನಾಲ್ಕು ಸ್ವರದಂತೆ ನುಡಿಸಿದರೆ ಒಂದೊಂದು ಸ್ವರಕ್ಕೆ ಸಿಗುವುದು ಸುಮಾರು 136 ಮಿಲಿಸೆಕೆಂಡ್. ಆದರೆ ಯಾವ ಒಳ್ಳೆಯ ವಾದಕರೂ ನಾಲ್ಕು ಸ್ವರಗಳನ್ನು ಅಳತೆಪಟ್ಟಿ ಹಿಡಿದ ಹಾಗೆ ಸಮನಾಗಿ ನುಡಿಸುವುದಿಲ್ಲ. ಒಂದನ್ನು ಕೂದಲೆಳೆಯಷ್ಟು ಹಿಗ್ಗಿಸಿ ಮುಂದಿನದನ್ನು ಅಷ್ಟೇ ಕುಗ್ಗಿಸುತ್ತಾರೆ. ಆ ಹಿಗ್ಗು-ಕುಗ್ಗು ಹದಿನೈದು ಇಪ್ಪತ್ತು ಮಿಲಿಸೆಕೆಂಡ್ ಆದರೂ ಸಾಕು, ಕಾಲು ತಾನಾಗಿ ತಾಳ ಹಾಕುತ್ತದೆ. ಪೂರ್ವ ಕ್ಲೇರಿನ ಜೋಕಾಲಿಯ ನಡೆಗೂ ಸ್ಲೈಗೋದ ಚುರುಕಿಗೂ ಇರುವ ವ್ಯತ್ಯಾಸ ಬಹುಪಾಲು ಇಷ್ಟು ಚಿಕ್ಕ ಜಾಗದಲ್ಲೇ ಇದೆ. ನೆಟ್‌ವರ್ಕ್ ನುಂಗುವ ಸಮಯವೂ ಇದೇ ಗಾತ್ರದ್ದು. ಧಾಟಿಯನ್ನು ಅದು ಮುಟ್ಟುವುದಿಲ್ಲ, ಆ ಧಾಟಿ ಯಾವ ಊರಿನದು ಎಂಬ ಗುರುತನ್ನು ಒರೆಸುತ್ತದೆ.

ಗಾಜಿನ ತಂತಿಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಡಬ್ಲಿನ್ ಮತ್ತು ಗಾಲ್ವೆಯ ನಡುವೆ ಇದೊಂದು ಲೆಕ್ಕವೇ ಅಲ್ಲ. ಕಂಪ್ಯೂಟರು, ರೌಟರು ತಿನ್ನುವ ಸಮಯವನ್ನು ಸೇರಿಸಿದರೂ ಸುಧಾರಿಸಬಹುದು. ಕಾರ್ಕಿನಿಂದ ಚಿಕಾಗೋಗೆ ಆರು ಸಾವಿರ ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಡುವೆ ನೇರವಾಗಿ ತಂತಿ ಎಳೆದರೂ ಬೆಳಕಿಗೇ 29 ಮಿಲಿಸೆಕೆಂಡ್ ಹಿಡಿಯುತ್ತದೆ. ಓನೀಲನ ಚಿಕಾಗೋ ಅವನ ಕಾರ್ಕಿನ ಜೊತೆ ಒಂದೇ ಬೀಟಿನಲ್ಲಿ ರೀಲ್ ನುಡಿಸುವುದು ನಾಳೆ ಎಂಥ ಸಾಫ್ಟ್‌ವೇರ್ ಬಂದರೂ ಆಗದ ಕೆಲಸ. ಗಡಿ ಅಳಿಯಿತು ಎನ್ನುವವರು ಈ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು. ಕೂಡಿ ನುಡಿಸುವ ಹಂಬಲ ಯಾರಿಗೆ ಹೆಚ್ಚೋ ಆ ವಲಸಿಗರಿಗೇ ಇದು ಒದಗುವುದಿಲ್ಲ.

2020ರ ಮಾರ್ಚ್ 15ರಂದು, ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ ಎರಡು ದಿನ ಮೊದಲು, ಐರ್ಲೆಂಡಿನ ಪಬ್‌ಗಳು ಬಾಗಿಲು ಹಾಕಿದವು. ಡಬ್ಲಿನ್ನಿನಲ್ಲಿ ಊಟ ಬಡಿಸದ ಪಬ್‌ಗಳು ವರ್ಷ ಮೀರಿದರೂ ತೆರೆಯಲಿಲ್ಲ. ಆಗ ಹೆಚ್ಚಿನವರು ಹೋದದ್ದು ಜೂಮ್‌ಗೆ. ಅಲ್ಲಿನ ವ್ಯವಸ್ಥೆ ಹೀಗಿತ್ತು: ಒಬ್ಬರು ನುಡಿಸುತ್ತಾರೆ, ಉಳಿದ ಇಪ್ಪತ್ತು ಜನ ತಮ್ಮ ಮೈಕ್ ಮುಚ್ಚಿ ಅವರ ಜೊತೆ ನುಡಿಸುತ್ತಾರೆ. ಇಪ್ಪತ್ತು ಜನಕ್ಕೂ ಕೇಳಿಸುವುದು ಎರಡೇ ವಾದ್ಯ, ನುಡಿಸುವವರದು ಮತ್ತು ತಮ್ಮದು. ಮುಂದಾಳುವಿಗೆ ಕೇಳಿಸುವುದು ಒಂದೇ. ಪರದೆಯಲ್ಲಿ ಇಪ್ಪತ್ತು ಬೋ ಆಡುತ್ತಿವೆ, ಕೋಣೆಯಲ್ಲಿ ತನ್ನ ಒಂದು ಪಿಟೀಲು. ಇದು ಸೆಷನ್ ಅಲ್ಲ, ಪಾಠ. ಪಾಠವಾಗಿ ಕೆಟ್ಟದ್ದೂ ಅಲ್ಲ. ಪರದೇಶದಲ್ಲಿರುವ ಮಕ್ಕಳಿಗೆ ಸ್ಕೈಪಿನಲ್ಲಿ ಕರ್ನಾಟಕ ಸಂಗೀತ ಕಲಿಸುತ್ತಿದ್ದ ನಮ್ಮ ಮೇಷ್ಟ್ರುಗಳಿಗೆ ಇದು ಹಳೆಯ ಅನುಭವ: ಒಂದು ಸಾಲು ಹಾಡಿ ನಿಲ್ಲಿಸು, ಶಿಷ್ಯೆ ಹಾಡಲಿ, ಜೊತೆಗೂಡಲು ಹೋಗಬೇಡ. ಅವರಿಗೆ ಇನ್ನೊಂದೂ ಗೊತ್ತು. ಮಾತಿಗೆಂದು ಮಾಡಿದ ಈ ಆ್ಯಪ್‌ಗಳು ಏಕಸಮನೆ ಮೊಳಗುವ ಶ್ರುತಿಯನ್ನು ಫ್ಯಾನಿನ ಸದ್ದೆಂದು ತಿಳಿದು ಅಡಗಿಸುತ್ತವೆ. ಇಲನ್ ಪೈಪಿನಲ್ಲೂ ಅಂಥದೇ ಶ್ರುತಿಯ ಕೊಳವೆಗಳಿವೆ. ಸೆಟ್ಟಿಂಗ್ ಬದಲಿಸದಿದ್ದರೆ ಅವಕ್ಕೂ ಅದೇ ಗತಿ.

ನನಗೆ ಹೆಚ್ಚು ಕುತೂಹಲ ಇರುವುದು ಮೂರನೆಯ ಬಗೆಯಲ್ಲಿ. ಜರ್ಮನಿಯ ಫೋಲ್ಕರ್ ಫಿಶರ್ 2006ರ ಹೊತ್ತಿಗೆ ಶುರುಮಾಡಿದ ‘ಜಾಮುಲಸ್’, ಸ್ಟ್ಯಾನ್‌ಫರ್ಡಿನಲ್ಲಿ ಹುಟ್ಟಿದ ‘ಜ್ಯಾಕ್‌ಟ್ರಿಪ್’ ಮೊದಲಾದ ಸಾಫ್ಟ್‌ವೇರ್‌ಗಳು ಚಿತ್ರವನ್ನು ಬಿಟ್ಟುಕೊಟ್ಟು ಶಬ್ದವನ್ನಷ್ಟೇ ಆದಷ್ಟು ಬೇಗ ಸಾಗಿಸುತ್ತವೆ. ಒಂದೇ ದೇಶದೊಳಗೆ, ವೈಫೈ ಬಿಟ್ಟು ತಂತಿ ಸಿಕ್ಕಿಸಿ ಕೂತರೆ, ನಿಜಕ್ಕೂ ಕೂಡಿ ನುಡಿಸಬಹುದು. ಆದರೆ ಜಾಮುಲಸ್ ಒಂದು ವಿಚಿತ್ರ ಶಿಸ್ತು ಬೇಡುತ್ತದೆ. ನಿಮ್ಮ ಸ್ವರವೂ ಸರ್ವರ್‌ಗೆ ಹೋಗಿ, ಎಲ್ಲರ ಸ್ವರದ ಜೊತೆ ಬೆರೆತು, ತಡವಾಗಿ ನಿಮ್ಮ ಹೆಡ್‌ಫೋನಿಗೆ ಬರುತ್ತದೆ. ನೀವು ಕೇಳಬೇಕಾದದ್ದು ಆ ವಾಪಸು ಬಂದ ಸ್ವರವನ್ನು, ಕೈಯಲ್ಲಿರುವ ವಾದ್ಯವನ್ನಲ್ಲ. ಪಿಟೀಲಿನವರಿಗೆ ಇದು ಹಿಂಸೆ. ವಾದ್ಯ ದವಡೆಗೇ ತಾಗಿದೆ, ಎಲುಬಿನ ಮೂಲಕ ಸ್ವರ ತಲೆಯೊಳಗೆ ಹೋಗುತ್ತಿದೆ. ಅದನ್ನು ಕೇಳದವರಂತೆ ಇದ್ದು, ದೂರದಿಂದ ಬರುವ ತನ್ನದೇ ದನಿಯನ್ನು ನಂಬಬೇಕು. ಎಲ್ಲರೂ ಹೀಗೆ ಮಾಡಿದಾಗ ಮಾತ್ರ ಸರ್ವರಿನಲ್ಲಿ ಧಾಟಿ ಕೂಡುತ್ತದೆ. ಒಬ್ಬರು ತಮ್ಮ ಕೈಯನ್ನು ನಂಬಿದರೂ ಎಲ್ಲರೂ ಹಿಂದೆ ಬೀಳುತ್ತಾರೆ. ತಮ್ಮನ್ನೂ ಗುಂಪಿನ ಒಬ್ಬರಂತೆ, ಹೊರಗಿನಿಂದ ಕೇಳಿಸಿಕೊಳ್ಳುವ ಈ ಅಭ್ಯಾಸವನ್ನು ನಾನು ನಷ್ಟದ ಪಟ್ಟಿಗೆ ಸೇರಿಸಲಾರೆ. ಪಬ್ಬಿನಲ್ಲಿ ಎಷ್ಟೋ ಜನ ಜೀವಮಾನವಿಡೀ ನುಡಿಸಿದರೂ ಅದನ್ನು ಕಲಿಯುವುದಿಲ್ಲ.

ಜಾಮುಲಸ್ಸಿನ ಇನ್ನೊಂದು ಗುಣ ಮಾತ್ರ ನನಗೆ ತೊಡಕಾಗಿ ಕಾಣುತ್ತದೆ. ಅಲ್ಲಿ ಪ್ರತಿಯೊಬ್ಬರ ಪರದೆಯ ಮೇಲೂ ಉಳಿದವರ ದನಿ ಏರಿಸುವ ಇಳಿಸುವ ಗುಂಡಿಗಳಿವೆ. ಬೌರಾನ್ ಎಂಬ ಐರಿಷ್ ತಮಟೆ ಬಾರಿಸುವವರ ಬಗ್ಗೆ ಅಲ್ಲಿ ಜೋಕುಗಳಿಗೆ ಬರವಿಲ್ಲ. ಲಯ ತಪ್ಪುವ ಒಬ್ಬ ಬೌರಾನಿನವ ಬಂದ ಅನ್ನಿ. ಪಬ್ಬಿನಲ್ಲಾದರೆ ಅವನು ಎಲ್ಲರ ಕಷ್ಟ. ಯಾರೋ ಹುಬ್ಬೇರಿಸುತ್ತಾರೆ, ಯಾರೋ ಒಂದು ಗ್ಲಾಸ್ ಕೊಡಿಸುವ ನೆಪದಲ್ಲಿ ಎಬ್ಬಿಸುತ್ತಾರೆ, ಇಲ್ಲವೇ ಹಿರಿಯರೊಬ್ಬರು ಪಕ್ಕಕ್ಕೆ ಕರೆದು ಕೂರಿಸಿಕೊಳ್ಳುತ್ತಾರೆ. ಜಾಮುಲಸ್ಸಿನಲ್ಲಿ ಗುಂಡಿ ಇಳಿಸಿದರೆ ಮುಗಿಯಿತು. ಐದು ಜನ ಕೂತ ಸೆಷನ್ನಿನಲ್ಲಿ ಐದು ಬೇರೆ ಬೇರೆ ಸೆಷನ್ ನಡೆಯುತ್ತಿರುತ್ತವೆ, ತಂತಮ್ಮ ಇಷ್ಟದಂತೆ.

ಹೊಸಬರ ವಿಚಾರದಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅರ್ಧಂಬರ್ಧ ಬರುವವರು ಸೆಷನ್ನಿನ ಹೊರಸುತ್ತಿನಲ್ಲಿ ಕೂತು, ಗೊತ್ತಿರುವ ಧಾಟಿಗೆ ಮೆಲ್ಲಗೆ ಸೇರಿಕೊಳ್ಳುತ್ತಾರೆ. ಅವರ ತಪ್ಪು ಗದ್ದಲದಲ್ಲಿ ಮುಳುಗಿಹೋಗುತ್ತದೆ, ಆದರೆ ಪೂರ್ತಿ ಮುಳುಗುವುದಿಲ್ಲ. ಪಕ್ಕದ ಕುರ್ಚಿಯವರಿಗೆ ಕೇಳಿಸಿರುತ್ತದೆ. ಅವರು ಆ ಜಾಗ ಬಂದಾಗ ತುಸು ಬಾಗಿ, ಸ್ವಲ್ಪ ಬಿಡಿಸಿ ನುಡಿಸುತ್ತಾರೆ. ಮಾತಿಲ್ಲದೆ ಒಂದು ತಿದ್ದುಪಡಿ ಆಗಿಹೋಗುತ್ತದೆ. ಇದನ್ನು ಅರೆಗೇಳುವಿಕೆ ಅನ್ನೋಣ. ಜೂಮ್‌ನಲ್ಲಿ ಇದಕ್ಕೆ ಜಾಗವಿಲ್ಲ. ಮೈಕ್ ಮುಚ್ಚಿದರೆ ಹೊಸಬರು ಯಾರಿಗೂ ಕೇಳಿಸುವುದಿಲ್ಲ, ತೆರೆದರೆ ಎಲ್ಲರಿಗೂ ಏಕಾಂಗಿಯಾಗಿ ಕೇಳಿಸುತ್ತಾರೆ. ಕತ್ತಲೆ ಅಥವಾ ಪೆಟ್ರೋಮ್ಯಾಕ್ಸು. ಮೌಖಿಕ ಕಾವ್ಯದ ಮೇಲೆ ಸಂಶೋಧನೆ ಮಾಡುವ ನನಗೆ ಇದು ಬರೀ ವಾದ್ಯದವರ ತಾಪತ್ರಯವಾಗಿ ಕಾಣುವುದಿಲ್ಲ. ಪರಂಪರೆ ಬಾಯಿಂದ ಕಿವಿಗೆ ದಾಟುತ್ತದೆ ಎಂದು ನಾವು ಬರೆಯುತ್ತೇವೆ. ಕಲಿಯುವವರ ಬಾಯಿಂದ ಕಲಿಸುವವರ ಕಿವಿಗೆ ಹಿಂದಿರುಗುವ ಆ ಅರೆಬರೆ ಸದ್ದನ್ನು ನಮ್ಮ ಟೇಪ್ ರೆಕಾರ್ಡರ್‌ಗಳು ಹಿಡಿದದ್ದು ಕಡಿಮೆ, ನಮ್ಮ ಪ್ರಬಂಧಗಳು ಇನ್ನೂ ಕಡಿಮೆ.

ಹಾಡಿನ ಕತೆ ಬೇರೆ. ಐರಿಷ್ ಭಾಷೆಯ ‘ಶಾನ್ ನೋಸ್’ ಹಾಡಿಕೆಯಲ್ಲಿ ಹಾಡುವವರು ಒಬ್ಬರೇ, ಪಕ್ಕವಾದ್ಯವಿಲ್ಲ, ಬಿಗಿಯಾದ ತಾಳವೂ ಇಲ್ಲ. ಹಾಗಾಗಿ ವಿಳಂಬ ಅದನ್ನು ಏನೂ ಮಾಡಲಾರದು. ಸರದಿಯ ಮೇಲೆ ಒಬ್ಬೊಬ್ಬರು ಹಾಡುವ ಕೂಟ ಪರದೆಗೆ ಸಲೀಸಾಗಿ ಬಂತು, ಚಿಕಾಗೋದವರಿಗೂ ಕಾರ್ಕಿನವರಿಗೂ ಸಮನಾಗಿ. ಕಳೆದದ್ದು ಚಿಕ್ಕದು. ಹಾಡು ಏರುವಲ್ಲಿ ಕೇಳುಗರು ಮೆಲುದನಿಯಲ್ಲಿ ಭಲೇ ಅನ್ನುವುದು, ಕೆಲವೊಮ್ಮೆ ಪಕ್ಕದವರು ಹಾಡುವವರ ಕೈ ಹಿಡಿದು ಹಾಡಿನ ಓಟಕ್ಕೆ ತಕ್ಕಂತೆ ಮೆಲ್ಲಗೆ ತಿರುಗಿಸುವುದು ಅಲ್ಲಿ ಪದ್ಧತಿ. ಅದು ಆಗದು. ನಾನಾದರೆ ಈ ನಷ್ಟವನ್ನು ಒಪ್ಪಿಕೊಂಡೇನು.

ಒಂಬತ್ತು ಚೌಕಗಳ ವಿಡಿಯೋದ ಬಗ್ಗೆ ಅಷ್ಟು ಸುಲಭವಾಗಿ ಒಪ್ಪಲಾರೆ. ಅದು ನಕಲಿ ಎಂಬ ಕಾರಣಕ್ಕಲ್ಲ. ಸೆಷನ್ನೇ ಇಲ್ಲದ ಊರಲ್ಲಿ ಒಬ್ಬರೇ ಕೂತು ಟಿನ್ ವಿಸಲ್ ಕಲಿಯುವವರಿಗೆ, ಕಾಯಿಲೆ ಬಿದ್ದು ಪಬ್ಬಿನ ಮೆಟ್ಟಿಲು ಹತ್ತಲಾರದವರಿಗೆ, ಕುಡಿಯುವ ಜಾಗಕ್ಕೆ ಹೋಗಲು ಮನಸ್ಸಿಲ್ಲದವರಿಗೆ ಅದು ನಿಜವಾದ ಜೊತೆ. ಪಬ್ ಎಲ್ಲರಿಗೂ ತೆರೆದ ಬಾಗಿಲು ಎಂದು ಹಾಡಿಹೊಗಳುವವರು ಆ ಬಾಗಿಲ ಹೊರಗೆ ನಿಂತವರನ್ನು ಎಣಿಸಿದಂತಿಲ್ಲ. ನನ್ನ ಆತಂಕ ಆ ಮೆಟ್ರೊನೋಮಿನದು. ಒಂಬತ್ತು ಕಡೆಯ ರೆಕಾರ್ಡುಗಳು ಹೊಂದಬೇಕಾದರೆ ಎಲ್ಲರೂ ಒಂದು ಯಂತ್ರದ ಟಿಕ್ಕಿಗೆ ತಲೆಬಾಗಬೇಕು. ಆಗ ಜೋಕಾಲಿಯ ನಡೆ ಮೊದಲು ಹೋಗುತ್ತದೆ, ಎರಡನೇ ಸುತ್ತಿಗೆ ಧಾಟಿ ತಾನೇ ತುಸು ಚುರುಕಾಗುವ ಹುರುಪು ಆಮೇಲೆ ಹೋಗುತ್ತದೆ. ಮಿಕ್ಕ ಒರಟುತನವನ್ನು ಎಡಿಟ್ ಮಾಡುವವರು ಉಜ್ಜಿ ತೆಗೆಯುತ್ತಾರೆ. ಮುಂದಿನ ತಲೆಮಾರು ಇವನ್ನೇ ಕೇಳಿ ಕಲಿಯುತ್ತದೆ, ಕೋಲ್ಮನ್ನನ ತಟ್ಟೆಯಿಂದ ಅವರ ಅಜ್ಜಂದಿರು ಕಲಿತ ಹಾಗೆ. ಕೋಲ್ಮನ್ ಹೇರಿದ್ದು ಕೊನೆಗೂ ಒಂದು ಊರಿನ, ಒಬ್ಬ ಮನುಷ್ಯನ ನಡೆ. ಟಿಕ್ಕಿಗೆ ಊರಿಲ್ಲ.

ಸೆಷನ್ನಿನಲ್ಲಿ ಒಂದು ಧಾಟಿಯಿಂದ ಇನ್ನೊಂದಕ್ಕೆ ದಾಟುವ ಗಳಿಗೆ ಇದೆಯಲ್ಲ, ಈ ಮೂರೂ ಬಗೆಯನ್ನು ಅಲ್ಲಿ ಒರೆಗೆ ಹಚ್ಚಿ ನೋಡಬಹುದು. ಪಬ್ಬಿನಲ್ಲಿ ಮುಂದೆ ಯಾವುದು ಎಂದು ಅನೇಕ ಸಲ ಯಾರಿಗೂ ಗೊತ್ತಿರುವುದಿಲ್ಲ. ಮೂರನೇ ಸುತ್ತಿನ ಕೊನೆಯ ಬಾರ್‌ಗಳಲ್ಲಿ ಒಬ್ಬರು ತಲೆ ಎತ್ತುತ್ತಾರೆ, ಅಥವಾ ‘ಹಪ್’ ಅನ್ನುತ್ತಾರೆ. ಹೊಸ ಧಾಟಿಯ ಮೊದಲ ಎರಡು ಬಾರ್ ಅವರೊಬ್ಬರದೇ, ಗೊತ್ತಾದವರು ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ಗೊತ್ತಿಲ್ಲದವರು ವಾದ್ಯ ತೊಡೆಗಿಟ್ಟು ಗ್ಲಾಸಿಗೆ ಕೈಹಾಕುತ್ತಾರೆ. ಚೌಕಗಳ ವಿಡಿಯೋದಲ್ಲಿ ಮುಂದಿನ ಧಾಟಿ ತಿಂಗಳ ಹಿಂದೆಯೇ ಇಮೇಲಿನಲ್ಲಿ ಬಂದಿರುತ್ತದೆ. ಜೂಮ್‌ನಲ್ಲಿ ಅದನ್ನು ಮೊದಲೇ ಚಾಟ್‌ನಲ್ಲಿ ಟೈಪಿಸಿರುತ್ತಾರೆ. ಜಾಮುಲಸ್ಸಿನಲ್ಲಿ ಮುಖ ಕಾಣಿಸುವುದಿಲ್ಲ, ತಲೆ ಎತ್ತಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮೈಕ್ ತೆರೆದೇ ಇರುತ್ತದೆ. ಅಡುಗೆಮನೆಯಲ್ಲಿ ಒಂಟಿಯಾಗಿ ಕೂತವರು ಕೊನೆಯ ಬಾರ್‌ನಲ್ಲಿ ‘ಹಪ್’ ಎಂದು ಕೂಗಿದರೆ ಇನ್ನೂರು ಕಿಲೋಮೀಟರ್ ಆಚೆಯ ಕೋಣೆಯಲ್ಲಿ ಅದು ಸಮಯಕ್ಕೆ ಸರಿಯಾಗಿ ಕೇಳಿಸುತ್ತದೆ.